ನಡುಗೋಡೆಯ ಕಿಂಡಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಶಿಕ್ಷಣದ ಮಹತ್ವ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡರು. ಶಿಕ್ಷಣ ಬೇಕು ಎಂಬುದು ಈ ಸಭೆಯಲ್ಲಿ ಕುಳಿತ ಯಾರಿಗೂ ಹೊಸ ಮಾತಲ್ಲ. ನಾನೊಬ್ಬ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರ. ದೊಡ್ಡ ಸಿದ್ಧಾಂತಗಳು ನನಗೆ ತಿಳಿಯವು. ಆದ್ದರಿಂದ ನಾನು ಬೆಳೆದ ಓಣಿ, ನಮ್ಮ ಪಕ್ಕದ ಮನೆ, ಒಂದು ದಿನದ ಪ್ರಯಾಣ ಮತ್ತು ನನ್ನ ಅಕ್ಕ, ಇಷ್ಟನ್ನೇ ನಿಮ್ಮ ಮುಂದೆ ಇಡುತ್ತೇನೆ. ಅಂದು ಸಭೆಯಲ್ಲಿ ಆಡಿದ್ದನ್ನೇ ಓದುಗರಾದ ನಿಮಗಾಗಿ ಇಲ್ಲಿ ಬರೆದುಕೊಟ್ಟಿದ್ದೇನೆ.

ಶಹಾಬಾದಿನ ಓಣಿ

ನಾನು ಹುಟ್ಟಿದ್ದು 1962ರಲ್ಲಿ, ಶಹಾಬಾದಿನಲ್ಲಿ. ಆ ಊರಿನ ಹೆಸರು ನೀವು ಕೇಳಿಯೇ ಇರುತ್ತೀರಿ. ಕೇಳಿಲ್ಲವೆಂದರೂ ತುಳಿದಿರುತ್ತೀರಿ. ದೇಶದ ಎಷ್ಟೋ ಮನೆ, ರೈಲು ನಿಲ್ದಾಣ, ಶಾಲೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಪರಸಿ ನಮ್ಮೂರಿನ ಕಲ್ಲು. ಅದು ಭೂಮಿಯೊಳಗೆ ಪುಸ್ತಕದ ಹಾಳೆಗಳ ಹಾಗೆ ಪದರು ಪದರಾಗಿ ಕುಳಿತಿರುವ ಸುಣ್ಣದ ಕಲ್ಲು. ಉಳಿ ಇಟ್ಟು ಸುತ್ತಿಗೆಯಿಂದ ಹದವಾಗಿ ಬಡಿದರೆ ಚಪ್ಪಟೆಯಾಗಿ ಬಿಡಿಸಿಕೊಂಡು ಬರುತ್ತದೆ. ನಮ್ಮ ಅಬ್ಬಾ ಒಂದು ಕಲ್ಲಿನ ಗಣಿಯಲ್ಲಿ ಲೆಕ್ಕ ಬರೆಯುವ ಮುನ್ಶಿಯಾಗಿದ್ದರು. ಬರೆಯುತ್ತಿದ್ದುದು ಉರ್ದುವಿನಲ್ಲಿ. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ.

ನಮ್ಮ ಮನೆಯ ನೆಲ ಪರಸಿ, ಗೋಡೆ ಪರಸಿ, ಮಾಳಿಗೆಯೂ ಪರಸಿ. ಬೇಸಿಗೆಯಲ್ಲಿ ಆ ಮನೆ ಒಲೆಯ ಹಾಗೆ ಕಾಯುತ್ತಿತ್ತು. ಆದರೆ ಮಕ್ಕಳಿಗೆ ಅದರಲ್ಲಿ ಒಂದು ಲಾಭವಿತ್ತು. ಪಾಟಿ ಒಡೆದರೆ ಚಿಂತೆ ಇರಲಿಲ್ಲ, ನೆಲವೇ ಪಾಟಿ. ಬಳಪ ಸಿಕ್ಕರೆ ಬಳಪ, ಇಲ್ಲದಿದ್ದರೆ ಇದ್ದಲು. ಸಂಜೆ ಅಮ್ಮಿ ನೆಲ ಒರೆಸಿದಾಗ ನಮ್ಮ ಲೆಕ್ಕ, ಅಕ್ಷರಗಳೆಲ್ಲ ನೀರಿನ ಜೊತೆ ಹೋಗುತ್ತಿದ್ದವು.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಅಡುಗೆ ಮನೆಯ ಹತ್ತಿರ ಆ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಒಂದು ತಾಟು ಅಡ್ಡವಾಗಿ ಹಿಡಿದರೆ ಆಚೆ ಹೋಗುವಷ್ಟು ಅಗಲ. ಪಕ್ಕದ ಮನೆಯವರು ಲಿಂಗಾಯತರು. ಯಜಮಾನರು ಶಾಲಾ ಮಾಸ್ತರರು, ನಮಗೆ ಮಾಸ್ತರ ಕಾಕಾ. ಅವರ ಹೆಂಡತಿ ಕಾಕು. ರಂಜಾನ್ ಹಬ್ಬದ ದಿನ ಸುರಕುಂಬಾದ ಬಟ್ಟಲು ಆ ಕಿಂಡಿಯಿಂದಲೇ ಹೋಗುತ್ತಿತ್ತು. ನಾಗರ ಪಂಚಮಿಗೆ ಶೇಂಗಾದುಂಡಿ ಅಲ್ಲಿಂದಲೇ ಬರುತ್ತಿತ್ತು. ಅವರು ಮಾಂಸ ತಿನ್ನುತ್ತಿರಲಿಲ್ಲ. ಅದಕ್ಕಾಗಿ ಅಮ್ಮಿ ಸುರಕುಂಬಾ ಮಾಡುವ ಪಾತ್ರೆಯನ್ನೇ ಬೇರೆ ಇಟ್ಟಿದ್ದರು. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ, ಅದು ತಾನಾಗಿ ತಿಳಿದ ಮರ್ಯಾದೆ.

ಆ ಕಿಂಡಿಯನ್ನು ಯಾಕೆ ಮುಚ್ಚಿಲ್ಲ ಎಂದು ಒಮ್ಮೆ ಕೇಳಿದ್ದೆ. ಅಬ್ಬಾ ಹೇಳಿದ್ದು ಇಷ್ಟೇ: 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರುವ ಮೊದಲು ರಜಾಕಾರರ ಭಯವಿದ್ದಾಗ ಆ ಮನೆಯವರು ಕೆಲವು ರಾತ್ರಿ ನಮ್ಮ ಮನೆಯಲ್ಲಿ ಮಲಗಿದ್ದರು. ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಭಯ ಈ ಕಡೆಗೆ ತಿರುಗಿತು. ಆಗ ನಮ್ಮವರು ಕೆಲವು ರಾತ್ರಿ ಅವರ ಮನೆಯಲ್ಲಿ ಮಲಗಿದರು. ಎರಡೂ ಸಲ ಮಕ್ಕಳಿಗೆ ಊಟ ದಾಟಿಸಿದ್ದು ಅದೇ ಕಿಂಡಿಯಿಂದ. ಇದನ್ನು ಅಬ್ಬಾ ಒಂದೇ ಸಲ ಹೇಳಿದರು. ಮತ್ತೆ ಕೇಳಿದರೆ ಹೇಳಲಿಲ್ಲ.

ಕಾಕಾ ಓದುತ್ತಿದ್ದ ಉರ್ದು

ಇಂದಿನ ಮಕ್ಕಳಿಗೆ ಆಶ್ಚರ್ಯವಾಗಬಹುದಾದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಉರ್ದು ಪತ್ರಿಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವರು ಮಾಸ್ತರ ಕಾಕಾ. ಹೈದರಾಬಾದಿನಿಂದ ಬಂದ ಪತ್ರಿಕೆಯನ್ನು ಸಂಜೆ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದರು. ಅಬ್ಬಾ ತಲೆದೂಗುತ್ತ ಕೇಳುತ್ತಿದ್ದರು. ಕಠಿಣ ಪದ ಬಂದರೆ ಅರ್ಥ ಹೇಳುತ್ತಿದ್ದವರೂ ಕಾಕಾರೇ.

ಅದಕ್ಕೆ ಕಾರಣವಿತ್ತು. ನಿಜಾಮರ ಆಳ್ವಿಕೆಯಲ್ಲಿ ಕಲಬುರಗಿ ಸೀಮೆಯ ಕಚೇರಿ, ಕೋರ್ಟು, ಮೇಲಿನ ತರಗತಿಗಳ ಪಾಠ ಎಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದವು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಮುಂದೆ ಓದಬೇಕೆಂದರೆ ಉರ್ದು ಕಲಿಯಲೇಬೇಕಿತ್ತು. ಕಲಿಯಲಾಗದವರು ಬಿಟ್ಟು ಹೊಲಕ್ಕೆ ಹೋದರು. ಕಾಕಾರ ಇಬ್ಬರು ಅಣ್ಣಂದಿರು ಹಾಗೆ ಬಿಟ್ಟವರು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಲ ತಿರುಗಿತು. ಈಗ ಮನೆಯಲ್ಲಿ ಉರ್ದು ಮಾತಾಡುವ ಮಗು ಮುಂದೆ ಓದಬೇಕೆಂದರೆ ಕನ್ನಡ ಕಲಿಯಬೇಕು. ಇದು ತಪ್ಪಲ್ಲ. ನಾಡಿನ ಭಾಷೆಯನ್ನು ನಾಡಿನ ಮಕ್ಕಳೆಲ್ಲ ಕಲಿಯಬೇಕಾದ್ದೇ. ಆದರೆ ಮಗುವಿನ ಕಷ್ಟ ಮಾತ್ರ ಹಾಗೆಯೇ ಉಳಿಯಿತು, ಮಕ್ಕಳು ಬದಲಾದರು ಅಷ್ಟೇ. ಕಾಕಾ ಇದನ್ನು ಬಲ್ಲವರಾಗಿದ್ದರು. "ನಮ್ಮಣ್ಣಗ ಅಲಿಫ್ ಅಡ್ಡ ಬಂತು, ನಿಮ್ಮ ಹುಡುಗರಿಗಿ ಅ ಆ ಅಡ್ಡ ಬರ್ತದ. ಎರಡೂ ಒಂದೇ" ಎನ್ನುತ್ತಿದ್ದರು.

ನಾನೂ ನನ್ನ ಆಪಾನೂ ಉರ್ದು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆವು. ಆಪಾ ನನಗಿಂತ ಮೂರು ವರ್ಷ ದೊಡ್ಡವಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ. ಅಬ್ಬಾರ ಗಣಿಯ ಲೆಕ್ಕದಲ್ಲಿ ತಪ್ಪಿದ್ದರೆ ದೀಪದ ಮುಂದೆ ಕುಳಿತು ಬೆರಳಿಟ್ಟು ತೋರಿಸುತ್ತಿದ್ದಳು. ಕನ್ನಡ ಅವರಿಗೆ ಒಂದು ವಿಷಯವಾಗಿ ಇತ್ತು. ಅಕ್ಷರ ಬರುತ್ತಿತ್ತು, ಆದರೆ ಓದಿದ್ದು ಅರ್ಥವಾಗುವಷ್ಟು ಬರುತ್ತಿರಲಿಲ್ಲ.

ಎಳ್ಳ ಅಮಾವಾಸ್ಯೆಯ ಪ್ರಯಾಣ

1971ರ ಡಿಸೆಂಬರ್. ಬಾಂಗ್ಲಾ ಯುದ್ಧ ಮುಗಿದ ವಾರ. ನಮ್ಮ ಭಾಗದಲ್ಲಿ ಎಳ್ಳ ಅಮಾವಾಸ್ಯೆ ಎಂದರೆ ರೈತರಿಗೆ ದೊಡ್ಡ ಹಬ್ಬ. ಅಂದು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕುಳಿತು ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯಬೇಕು. ಕಾಕಾರ ತಮ್ಮನ ಹೊಲ ಚಿತ್ತಾಪುರದ ಹತ್ತಿರ ಇತ್ತು. ಆ ವರ್ಷ ನಮ್ಮ ಮನೆಯವರನ್ನೆಲ್ಲ ಕರೆದರು. ನಮ್ಮ ಮನೆಯವರೆಲ್ಲ ಕೂಡಿ ಒಂದು ದಿನಕ್ಕೆಂದು ಹೊರಗೆ ಹೋದದ್ದು ನನಗೆ ತಿಳಿದಂತೆ ಅದೊಂದೇ ಸಲ.

ನಸುಕಿನಲ್ಲಿ ಶಹಾಬಾದ್ ನಿಲ್ದಾಣದಲ್ಲಿ ಪ್ಯಾಸೆಂಜರ್ ಹತ್ತಿದೆವು. ಮುಂಬೈ–ಮದ್ರಾಸ್ ದಾರಿಯಲ್ಲಿ ಮುಂದೆ ಸಿಗುವುದು ವಾಡಿ. ಅಲ್ಲಿ ಇಳಿದು ಸಿಕಂದರಾಬಾದ್ ಕಡೆಯ ಗಾಡಿಗೆ ಕಾಯಬೇಕು. ಮುಂಬೈ ಕಡೆಯ ರೈಲನ್ನು ಹೈದರಾಬಾದಿಗೆ ಜೋಡಿಸಲು 1874ರಲ್ಲಿ ನಿಜಾಮರ ಸರ್ಕಾರ ಹಾಕಿಸಿದ ದಾರಿ ಅದು. ಹಾಗಾಗಿಯೇ ವಾಡಿ ಜಂಕ್ಷನ್ ಆಯಿತು. ಊರಿಗಿಂತ ನಿಲ್ದಾಣ ದೊಡ್ಡದು ಎಂದು ನಗುತ್ತಿದ್ದರು. ಆಗಷ್ಟೇ ಅಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಬಂದಿತ್ತು. ಚಿಮಣಿಯ ಹೊಗೆ ನೋಡಿ ನಾನು ಅದೂ ಒಂದು ದೊಡ್ಡ ರೈಲು ಎಂದುಕೊಂಡೆ.

ಪ್ಲಾಟ್‌ಫಾರ್ಮಿನ ತುಂಬ ಯುದ್ಧದ ಮಾತೇ. ಕಾಕಾ ನಮ್ಮಿಬ್ಬರನ್ನು ಫಲಕದ ಹತ್ತಿರ ಕರೆದುಕೊಂಡು ಹೋದರು. "ಓದ್ರಿ ನೋಡೋಣ" ಎಂದರು. ನನಗೆ ಬರಲಿಲ್ಲ. ಆಪಾ ಓದಿದಳು: "ವಾ... ಡಿ." ಕಾಕಾ ನನ್ನ ಬೆರಳು ಹಿಡಿದು ಗಾಳಿಯಲ್ಲಿ ಆ ಎರಡು ಅಕ್ಷರ ಬರೆಸಿದರು. ಕನ್ನಡದಲ್ಲಿ ನಾನು ಕಲಿತ ಮೊದಲ ಪದ ವಾಡಿ. ಈಗಲೂ ಆ ಫಲಕ ಕಂಡರೆ ಒಮ್ಮೆ ಓದದೆ ಮುಂದೆ ಹೋಗುವುದಿಲ್ಲ.

ಚಿತ್ತಾಪುರದಿಂದ ಎತ್ತಿನ ಬಂಡಿ. ಜೋಳ ತೆನೆ ಬಿಟ್ಟಿತ್ತು, ಕಡಲೆ ಹೂವಾಡಿತ್ತು, ಕುಸುಬಿ ಮುಳ್ಳು ಚುಚ್ಚುತ್ತಿತ್ತು. ಕಾಕು ಮತ್ತು ಅಮ್ಮಿ ಕೂಡಿ ಬುತ್ತಿ ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹತ್ತಾರು ಕಾಳು ಸೊಪ್ಪು ಹಾಕಿದ ಭಜ್ಜಿ, ಕಡುಬು, ಶೇಂಗಾದ ಹೋಳಿಗೆ, ಗಟ್ಟಿ ಮೊಸರು. ಅಂದು ಶುಕ್ರವಾರ. ಅಬ್ಬಾ ಊರೊಳಗಿನ ಮಸೀದಿಗೆ ಹೋಗಿ ಜುಮ್ಮಾ ನಮಾಜು ಮುಗಿಸಿ ಬರುವವರೆಗೆ ಕಾಕಾ ಊಟಕ್ಕೆ ಕುಳಿತಿರಲಿಲ್ಲ. ಹೊಟ್ಟೆ ಹಸಿದ ಮಕ್ಕಳು ನಾವು ಇಬ್ಬರ ಮೇಲೂ ಸಿಟ್ಟಾಗಿದ್ದೆವು.

ನಾಗಾವಿಯಲ್ಲಿ ಒಂದು ಪ್ರಶ್ನೆ

ಊಟವಾದ ಮೇಲೆ ಕಾಕಾ ನಮ್ಮನ್ನು ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಗೆ ಕರೆದುಕೊಂಡು ಹೋದರು. ನಾಗಾವಿ ಯಲ್ಲಮ್ಮನ ಜಾತ್ರೆಗೆ ಜನ ಹೋಗುತ್ತಾರೆ. ಆದರೆ ಕಾಕಾ ತೋರಿಸಬೇಕೆಂದದ್ದು ಬೇರೆ. ಸುತ್ತ ಹಾಳು ಬಿದ್ದ ಗುಡಿಗಳು, ಸಾಲು ಕಂಬಗಳು, ಎತ್ತರದ ಶಾಸನದ ಕಲ್ಲುಗಳು. "ಇದು ನಮ್ಮ ಜಿಲ್ಲಾದ ಹಳೇ ಕಾಲೇಜು" ಎಂದರು.

ಅದು ಬಾಯಿಮಾತಲ್ಲ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ಮಧುಸೂದನ ಎಂಬ ದಂಡನಾಯಕ ಇಲ್ಲಿ ಘಟಿಕಾಸ್ಥಾನ ನಡೆಸಲು ಭೂಮಿ ಬಿಟ್ಟಿದ್ದು ಶಾಸನದಲ್ಲಿದೆ. ಘಟಿಕಾಸ್ಥಾನ ಎಂದರೆ ವಿದ್ಯಾರ್ಥಿಗಳು ಅಲ್ಲೇ ಉಂಡು, ಅಲ್ಲೇ ಇದ್ದು ಓದುವ ಉನ್ನತ ವಿದ್ಯಾಲಯ. ನೂರಾರು ವಿದ್ಯಾರ್ಥಿಗಳ ಊಟ ಬಟ್ಟೆಗೆ, ಪಾಠ ಹೇಳುವ ಉಪಾಧ್ಯಾಯರಿಗೆ ವ್ಯವಸ್ಥೆ ಇತ್ತು. ಗ್ರಂಥಾಲಯ ಇತ್ತು, ಗ್ರಂಥಗಳನ್ನು ಕಾಯಲು ಸರಸ್ವತಿ ಭಂಡಾರಿಗರೆಂಬ ಜನ ಇದ್ದರು. ಅವರ ಸಂಬಳಕ್ಕೂ ಭೂಮಿ ಇತ್ತು. ಈ ಕನ್ನಡ ಶಾಸನಗಳನ್ನು ಓದಿಸಿ 1928ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ್ದು ನಿಜಾಮ ಸರ್ಕಾರದ ಪುರಾತತ್ವ ಇಲಾಖೆ. ಅಲ್ಲಿಂದ ಈಶಾನ್ಯಕ್ಕೆ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಅಮೋಘವರ್ಷ ನೃಪತುಂಗನ ಆಸ್ಥಾನದ್ದು. ಹಿಂದುಳಿದ ಜಿಲ್ಲೆ ಎಂದು ಕರೆಸಿಕೊಳ್ಳುವ ನಮ್ಮ ಮಣ್ಣು ಒಂದು ಕಾಲದಲ್ಲಿ ಓದಿನ ಮಣ್ಣಾಗಿತ್ತು.

ಕಾಕಾ ಇದನ್ನೆಲ್ಲ ಅಬ್ಬಾರಿಗೆ ಉರ್ದುವಿನಲ್ಲೂ ನಮಗೆ ಎರಡೂ ಭಾಷೆ ಬೆರೆಸಿಯೂ ಹೇಳುತ್ತಿದ್ದರು. ಆಪಾ ಒಂದು ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಕೊನೆಗೆ ಮೆಲ್ಲಗೆ ಕೇಳಿದಳು: "ಕಾಕಾ, ಇಲ್ಲಿ ಹುಡುಗ್ಯಾರೂ ಓದ್ತಿದ್ರಾ?"

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಲ್ಲಿನ ಮ್ಯಾಲ ಬರದಿಲ್ಲವ್ವಾ" ಎಂದರು. ಆಮೇಲೆ ಅಬ್ಬಾರ ಕಡೆ ನೋಡಿದರು. ಅಬ್ಬಾ ಹೊಲದ ಕಡೆ ನೋಡಿದರು. ಆಗ ನನಗೆ ಒಂಬತ್ತು ವರ್ಷ. ಆ ನೋಟದ ಅರ್ಥ ನನಗೆ ಆರು ತಿಂಗಳ ಮೇಲೆ ತಿಳಿಯಿತು.

ಜೂನ್ ತಿಂಗಳು

1972ರ ಬೇಸಿಗೆಯಲ್ಲಿ ಆಪಾ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಪಾಸಾದಳು. ಒಳ್ಳೆಯ ಅಂಕ ಬಂದಿದ್ದವು. ಜೂನ್ ಬಂತು. ಮಳೆ ಬರಲಿಲ್ಲ. ಆ ವರ್ಷದ ಬರವನ್ನು ನಮ್ಮ ಕಡೆಯ ಹಿರಿಯರು ಇಂದಿಗೂ ಮರೆತಿಲ್ಲ. ಗಣಿಯ ಕೆಲಸ ಅರ್ಧಕ್ಕೆ ಇಳಿಯಿತು. ನಮ್ಮ ಓಣಿಯಿಂದ ಹೋಗಿ ಬರಬಹುದಾದ ಹೈಸ್ಕೂಲು ಕನ್ನಡ ಮಾಧ್ಯಮದ್ದು. ಎಂಟನೆಯ ತರಗತಿಯಲ್ಲಿ ವಿಜ್ಞಾನ, ಸಮಾಜ, ಲೆಕ್ಕ ಎಲ್ಲವೂ ಕನ್ನಡದಲ್ಲಿ. "ಅವಳಿಗೆ ತಿಳಿಯುವುದಿಲ್ಲ, ನಪಾಸಾಗುತ್ತಾಳೆ, ನಾಲ್ಕು ಜನ ನಗುತ್ತಾರೆ. ದೊಡ್ಡವಳೂ ಆಗಿದ್ದಾಳೆ" ಎಂದು ಮನೆಯಲ್ಲಿ ಮಾತಾಯಿತು. ಯಾರೂ ಅವಳನ್ನು ಬೈಯಲಿಲ್ಲ, ಬೇಡ ಎಂದು ಗದರಿಸಲೂ ಇಲ್ಲ. ಸುಮ್ಮನೆ ಯಾರೂ ಹೆಸರು ಹಚ್ಚಲು ಹೋಗಲಿಲ್ಲ. ಮಗುವಿನ ಶಾಲೆ ಹೆಚ್ಚಾಗಿ ನಿಲ್ಲುವುದು ಹೀಗೆಯೇ, ಸದ್ದಿಲ್ಲದೆ.

ಆ ತಿಂಗಳು ಆಪಾ ತನ್ನ ಕಂಪಾಸ್ ಪೆಟ್ಟಿಗೆ ನನಗೆ ಕೊಟ್ಟಳು. ಒಳಗೆ ಕೈವಾರ, ಕೋನಮಾಪಕ, ಅರ್ಧ ಉಳಿದ ಪೆನ್ಸಿಲ್. ನನಗೆ ಬಹಳ ಸಂತೋಷವಾಯಿತು. ಅದು ನನಗೆ ಯಾಕೆ ಸಿಕ್ಕಿತು ಎಂದು ನಾನು ಕೇಳಲಿಲ್ಲ. ಓದುಗರೇ, ಈ ಮಾತನ್ನು ಸಭೆಯಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಬರೆಯುವಾಗಲೂ ಹಾಗೆಯೇ ಆಗುತ್ತಿದೆ.

ಕಾಕಾರಿಗೆ ವಿಷಯ ಗೊತ್ತಾದದ್ದು ಜೂನ್ ಕೊನೆಗೆ. ಕಟ್ಟೆಯ ಮೇಲೆ ಅಬ್ಬಾರ ಜೊತೆ ಬಹಳ ಹೊತ್ತು ಮಾತಾಡಿದರು. "ಹುಡುಗಿ ಶಾಣ್ಯಾ ಇದ್ದಾಳ್ರಿ, ಬಿಡಸಬ್ಯಾಡ್ರಿ" ಎಂದರು. ಅಬ್ಬಾ ಬಡವರಾಗಿದ್ದರು, ಹೆದರಿದ್ದರು, ಆಗಲೇ ಒಂದು ನಿರ್ಧಾರಕ್ಕೆ ಬಂದಿದ್ದರು. ಕಾಕಾ ಎದ್ದು ಹೋಗುವಾಗ ತಮಗೆ ತಾವೇ ಹೇಳಿಕೊಂಡದ್ದು ನನಗೆ ಕೇಳಿಸಿತು: "ನಾ ಏಪ್ರಿಲ್‌ದಾಗ ಬರಬೇಕಿತ್ತು."

ಗೊತ್ತಿದ್ದ ಮಾತು, ಗೊತ್ತಿಲ್ಲದ ಅಕ್ಷರ

ಮರುದಿನ ರಾತ್ರಿಯಿಂದ ಕಾಕಾ ನನ್ನನ್ನು ಹಿಡಿದರು. ನಾನು ಎಂಟನೆಯ ತರಗತಿಗೆ ಹೋಗಲು ಮೂರು ವರ್ಷ ಇತ್ತು. ಅವರ ಪಾಠದ ಕ್ರಮವೇ ಬೇರೆ. ಅ ಅಗಸ, ಆ ಆನೆ ಎಂದು ಹೇಳಿಕೊಡಲಿಲ್ಲ. "ನಿನಗ ಗೊತ್ತಿದ್ದ ಮಾತು ಹೇಳು, ಅದನ್ನ ನಾ ಕನ್ನಡದಾಗ ಬರೀತೀನಿ" ಎಂದರು. ನಾನು ಕಲಮ್ ಎಂದೆ, ಬರೆದು ತೋರಿಸಿದರು. ದುನಿಯಾ ಎಂದೆ, ಬರೆದರು. ಹೀಗೆ ಅಕ್ಷರ ಮಾತ್ರ ಹೊಸದು, ಮಾತು ನನ್ನದೇ.

ಅಕ್ಷರ ಕೂಡಿದ ಮೇಲೆ ಎರಡನೆಯ ಪಾಠ. "ಇನ್ನ ಕನ್ನಡದ ಮಾತು. ಅರ್ಧ ನಿನಗ ಮೊದಲೇ ಬರ್ತಾವ" ಎಂದು ಒಂದು ಪಟ್ಟಿ ಬರೆಸಿದರು. ಜಮೀನು, ಕಾಗದ, ಅರ್ಜಿ, ವಕೀಲ, ತಾರೀಖು, ಕಚೇರಿ, ಕುರ್ಚಿ, ಮೇಜು, ಖರ್ಚು, ಬಾಕಿ, ತಕರಾರು, ರಾಜಿ, ಹಾಜರಿ. ನಾನು ಬೆರಗಾದೆ. ಇವೆಲ್ಲ ನಮ್ಮ ಮನೆಯ ಮಾತುಗಳು, ಕನ್ನಡದ ಅಂಗಿ ತೊಟ್ಟು ನಿಂತಿದ್ದವು. ಪರಭಾಷೆ ಎಂಬ ಅಂಜಿಕೆ ಅಂದೇ ಹೋಯಿತು. ಮೂರನೆಯದಾಗಿ, ಶಾಲೆಯ ಉರ್ದು ಪುಸ್ತಕದಲ್ಲಿ ಓದಿದ ವಿಜ್ಞಾನದ ಪಾಠವನ್ನೇ ಕನ್ನಡ ಪುಸ್ತಕದಲ್ಲಿ ಓದಿಸುತ್ತಿದ್ದರು. ಅರ್ಥ ಮೊದಲೇ ಗೊತ್ತಿದ್ದರಿಂದ ಮಾತು ತಾನಾಗಿ ಕೂಡಿಕೊಂಡಿತು.

ಪಾಠ ನಡೆಯುತ್ತಿದ್ದುದು ಅವರ ಅಡುಗೆ ಮನೆಯ ಹತ್ತಿರ, ದೀಪ ಇದ್ದದ್ದು ಅಲ್ಲೇ. ಕೆಲವು ದಿನಗಳ ಮೇಲೆ ಕಾಕಾ ತಮ್ಮ ದನಿ ಏರಿಸಿ ಪಾಠ ಹೇಳತೊಡಗಿದರು. ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಯಾಕೆ ಕೂಗುತ್ತಾರೆ ಎಂದು ತಿಳಿಯಲಿಲ್ಲ. ಒಂದು ರಾತ್ರಿ ಒಂದು ಲೆಕ್ಕದ ಉತ್ತರ ನನಗೆ ಹೊಳೆಯಲಿಲ್ಲ. ಕಿಂಡಿಯ ಆಚೆಯಿಂದ ಆಪಾ ಹೇಳಿದಳು, ಕನ್ನಡದಲ್ಲಿ. ಕಾಕಾ ನಗಲಿಲ್ಲ, ಏನೂ ಮಾತಾಡಲಿಲ್ಲ. ಮರುದಿನ ಇನ್ನೊಂದು ಕನ್ನಡ ಪುಸ್ತಕ ತಂದು ಕಿಂಡಿಯಲ್ಲಿ ಇಟ್ಟರು.

ನಾನು 1978ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ, ಕನ್ನಡ ಮಾಧ್ಯಮದಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಆಪಾಳ ಮದುವೆಯಾಗಿ ಸೇಡಂಗೆ ಹೋಗಿದ್ದಳು.

ಚಿಂಚೋಳಿಯ ತಾಂಡಾ

ಟಿ.ಸಿ.ಎಚ್. ಮುಗಿಸಿ ನನಗೆ ಕೆಲಸ ಸಿಕ್ಕದ್ದು ಚಿಂಚೋಳಿ ತಾಲೂಕಿನ ಒಂದು ತಾಂಡಾದಲ್ಲಿ, 1984ರಲ್ಲಿ. ಶಹಾಬಾದಿನ ಬೋಳು ಬಯಲು ಕಂಡವನಿಗೆ ಚಿಂಚೋಳಿಯ ಗುಡ್ಡ, ಕಾಡು, ಮುಲ್ಲಾಮಾರಿ ಹೊಳೆ ಬೇರೆ ಲೋಕ. ಆ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಅಲ್ಲಿಗೆ ರೈಲಿಲ್ಲ. ಬಸ್ಸು ಇಳಿದು ನಡೆದು ಹೋಗಬೇಕಿತ್ತು.

ಮೊದಲ ದಿನ ತರಗತಿಯಲ್ಲಿ ನಿಂತು ಕನ್ನಡದಲ್ಲಿ ಹೆಸರು ಕೇಳಿದೆ. ಇಪ್ಪತ್ತು ಮಕ್ಕಳು ನನ್ನ ಬಾಯಿ ನೋಡುತ್ತ ಕುಳಿತರು. ಅವರ ಮನೆಮಾತು ಲಂಬಾಣಿ. ಗಡಿಯ ಊರಾದ್ದರಿಂದ ತೆಲುಗು ಅಷ್ಟಿಷ್ಟು ಕಿವಿಗೆ ಬಿದ್ದಿತ್ತು. ಕನ್ನಡ ಅವರಿಗೆ ಮಾಸ್ತರರ ಭಾಷೆ ಮಾತ್ರ. ಆ ಮುಖಗಳಲ್ಲಿ ನನಗೆ ಕಾಕಾರ ಅಣ್ಣಂದಿರು ಕಂಡರು, ನನ್ನ ಆಪಾ ಕಂಡಳು.

ಆ ರಾತ್ರಿ ತಾಂಡಾದ ಒಬ್ಬ ಅಜ್ಜಿಯ ಹತ್ತಿರ ಹೋಗಿ ಕುಳಿತೆ. ನೀರಿಗೆ ಏನೆನ್ನುತ್ತೀರಿ, ರೊಟ್ಟಿಗೆ ಏನೆನ್ನುತ್ತೀರಿ, ತಾಯಿಗೆ ಏನೆನ್ನುತ್ತೀರಿ ಎಂದು ಕೇಳಿ ಬರೆದುಕೊಂಡೆ. ಮರುದಿನ ಹಲಗೆಯ ಮೇಲೆ ಆ ಮಾತುಗಳನ್ನೇ ಕನ್ನಡ ಅಕ್ಷರದಲ್ಲಿ ಬರೆದೆ. ಓದಿ ಹೇಳಿದಾಗ ಇಡೀ ತರಗತಿ ನಕ್ಕಿತು. ಮಾಸ್ತರರ ಬಾಯಲ್ಲಿ ತಮ್ಮ ಮನೆಯ ಮಾತು ಬಂದರೆ ಮಕ್ಕಳಿಗೆ ಆಗುವ ಸಂತೋಷ ನೋಡಬೇಕು. ಮೂವತ್ತೆಂಟು ವರ್ಷ ನಾನು ಕಲಿಸಿದ್ದೆಲ್ಲ ಕಾಕಾರ ಆ ಮೂರು ಪಾಠಗಳೇ. ನಾನು ಹೊಸದೇನೂ ಕಂಡುಹಿಡಿದಿಲ್ಲ.

ಸೇಡಂನ ಟ್ರಂಕು

ಚಿಂಚೋಳಿಗೆ ಹೋಗುವ ಬರುವ ದಾರಿಯಲ್ಲಿ ಸೇಡಂನಲ್ಲಿ ಆಪಾಳ ಮನೆ. ರೈಲ್ವೆಯವರ ಇಂಗ್ಲಿಷ್ ಫಲಕದಲ್ಲಿ ಆ ಊರು 'ಸೇರಂ' ಎಂದಿತ್ತು. ಮೊದಲ ಸಲ ಹೋದಾಗ ಆಪಾ ಹೇಳಿದಳು: "ಇಂಗ್ಲಿಷಿನವರು ತಪ್ಪು ಬರದಾರ. ಕನ್ನಡದ್ದು ಸರಿ ಅದ, ನಾ ಓದೀನಿ." ಆ ಒಂದು ಮಾತಿನಲ್ಲಿ ಅವಳಿಗೆ ಎಷ್ಟು ಹೆಮ್ಮೆ ಇತ್ತು ಎಂಬುದು ನನಗೆ ಮಾತ್ರ ಗೊತ್ತು.

ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನೂ ಓದಿಸಿದಳು. ದೊಡ್ಡವಳು ಏಳನೆಯದು ಪಾಸಾದ ವರ್ಷ ಮನೆಯಲ್ಲಿ ಮತ್ತೆ ಅದೇ ಮಾತು ಬಂತು: ಹೈಸ್ಕೂಲು ಕನ್ನಡದ್ದು, ತಿಳಿಯುವುದಿಲ್ಲ, ದೊಡ್ಡವಳಾದಳು. ಆಪಾ ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಕಾಗದ ತಂದು ಎಲ್ಲರ ಮುಂದೆ ಇಟ್ಟಳು. ಅವಳ 1972ರ ಅಂಕಪಟ್ಟಿ. ಮಡಿಕೆಗಳಲ್ಲಿ ಹರಿದಿತ್ತು. "ಇದು ನನ್ನದು. ಇದನ್ನ ತಗೊಂಡು ನಾ ಎಲ್ಲಿಗೂ ಹೋಗಲಿಲ್ಲ" ಎಂದಳು. ಅಷ್ಟೇ. ಮರುದಿನ ತಾನೇ ಹೋಗಿ ಮಗಳ ಹೆಸರು ಹಚ್ಚಿದಳು. ಅರ್ಜಿಯನ್ನು ಕನ್ನಡದಲ್ಲಿ ತುಂಬಿ, ಕನ್ನಡದಲ್ಲಿ ಸಹಿ ಮಾಡಿದಳು. ಆ ಮಗಳು ಇಂದು ನರ್ಸ್ ಆಗಿದ್ದಾಳೆ. ಚಿಕ್ಕವಳು ಬಿ.ಎಡ್. ಮಾಡಿದ್ದಾಳೆ.

ಕಾಕಾ ಈಗಿಲ್ಲ. ಅಬ್ಬಾ, ಅಮ್ಮಿ ಇಲ್ಲ. ಆಪಾ ಇದ್ದಾಳೆ. ಕಂಪಾಸ್ ಪೆಟ್ಟಿಗೆ ನನ್ನ ಹತ್ತಿರ ಉಳಿದಿತ್ತು. ನಿವೃತ್ತನಾದ ಮೇಲೆ ಅದನ್ನು ಅವಳಿಗೆ ವಾಪಸು ಕೊಡಲು ಹೋದೆ. "ಮೊಮ್ಮಗಳಿಗಿ ಕೊಡು, ಆಕಿ ಏಳನೇದಾಗ ಇದ್ದಾಳ" ಎಂದಳು.

ನಿಮ್ಮಲ್ಲಿ ಕೇಳಿಕೊಳ್ಳುವುದು

ಇದು ಹಳೆಯ ಕಥೆ ಎಂದು ನೀವು ಅನ್ನಬಹುದು. 2006ರ ಸಾಚಾರ್ ಸಮಿತಿಯ ವರದಿ ಹೇಳಿದ್ದು, ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಂ ಮಕ್ಕಳಲ್ಲಿ ನೂರಕ್ಕೆ 25 ಮಕ್ಕಳು ಒಂದೋ ಶಾಲೆಯನ್ನೇ ಕಂಡಿರಲಿಲ್ಲ, ಇಲ್ಲವೇ ನಡುವೆ ಬಿಟ್ಟಿದ್ದರು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ಇದ್ದಾಗ ನಮ್ಮ ಜಿಲ್ಲೆಯದು 65 ಮುಟ್ಟಿರಲಿಲ್ಲ, ನಮ್ಮ ಜಿಲ್ಲೆಯ ಹೆಣ್ಣುಮಕ್ಕಳದು 55. ಅಂದಿನಿಂದ ಬಹಳ ಸುಧಾರಿಸಿದೆ. 2002ರಲ್ಲಿ ನಮ್ಮ ಭಾಗದ ಜಿಲ್ಲೆಗಳಿಂದಲೇ ಆರಂಭವಾದ ಬಿಸಿಯೂಟ, 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಕೊಡತೊಡಗಿದ ಸೈಕಲ್, 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಇವೆಲ್ಲ ಕೆಲಸ ಮಾಡಿವೆ. ಆದರೆ ಶಿಕ್ಷಣ ಹಕ್ಕಿನ ಕಾಯ್ದೆ ಕೈ ಹಿಡಿಯುವುದು ಹದಿನಾಲ್ಕು ವರ್ಷದವರೆಗೆ. ಏಳರಿಂದ ಎಂಟಕ್ಕೆ, ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟುವ ಮಗುವಿನ ಕೈ ಹಿಡಿಯಬೇಕಾದವರು ಮನೆಯವರು ಮತ್ತು ನೆರೆಯವರು.

ಆದ್ದರಿಂದ ಸಂಘದ ಹಿರಿಯರಲ್ಲಿ, ಓದುಗರಾದ ನಿಮ್ಮಲ್ಲಿ ಮೂರು ಸಣ್ಣ ಕೆಲಸ ಕೇಳುತ್ತೇನೆ.

ಒಂದು, ನಿಮ್ಮ ಮೊಹಲ್ಲಾದಲ್ಲಿ ಈ ವರ್ಷ ಏಳನೆಯ ತರಗತಿ ಓದುತ್ತಿರುವ ಮಕ್ಕಳ ಹೆಸರು ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿ ಮನೆಗೂ ಏಪ್ರಿಲ್‌ನಲ್ಲೇ ಹೋಗಿ. ಜೂನ್‌ನಲ್ಲಿ ಹೋದರೆ ತಡವಾಗುತ್ತದೆ, ಅಷ್ಟರಲ್ಲಿ ಮನೆಯೊಳಗೆ ನಿರ್ಧಾರವಾಗಿರುತ್ತದೆ.

ಎರಡು, ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೆ ಬೇಸಿಗೆಯ ಎರಡು ತಿಂಗಳು ದಿನಕ್ಕೆ ಒಂದು ತಾಸು ಕನ್ನಡ ಹೇಳಿಸಿ. ಅವರಿಗೆ ಗೊತ್ತಿದ್ದ ಮಾತಿನಿಂದ ಆರಂಭಿಸಿ. ಉರ್ದುವನ್ನು ಬಿಡಿಸಿ ಕನ್ನಡ ಕಲಿಸಬೇಕಿಲ್ಲ. ಕಾಕಾರಿಗೆ ಎರಡೂ ಬರುತ್ತಿದ್ದವು, ಒಂದು ಇನ್ನೊಂದಕ್ಕೆ ಎಂದೂ ಅಡ್ಡ ಬರಲಿಲ್ಲ.

ಮೂರು, ಕಲಿಸಲು ನಮ್ಮವರೇ ಬೇಕು ಎಂದು ಕಾಯಬೇಡಿ. ಪಕ್ಕದ ಮನೆಯ ಬಾಗಿಲು ತಟ್ಟಿ. ಕೇಳಿದರೆ ಇಲ್ಲ ಎನ್ನುವ ಮಾಸ್ತರ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗೆಯೇ ನಿಮ್ಮ ಬಾಗಿಲು ಯಾರಾದರೂ ತಟ್ಟಿದರೆ, ಅವರು ಯಾರೇ ಆಗಲಿ, ತೆರೆಯಿರಿ.

ಈಚೆಗೆ ಶಹಾಬಾದಿಗೆ ಹೋಗಿದ್ದೆ. ನಮ್ಮ ಹಳೆಯ ಮನೆ ಬೇರೆಯವರದಾಗಿದೆ. ಗೋಡೆಗೆ ಸಿಮೆಂಟ್ ಮೆತ್ತಿದ್ದಾರೆ, ಕಿಂಡಿ ಕಾಣುವುದಿಲ್ಲ. ಅದಕ್ಕೆ ಬೇಸರಪಡಲಿಲ್ಲ. ಮನೆ ಇದ್ದವರಿಗೆ ಮನೆ ರಿಪೇರಿ ಮಾಡಿಸುವ ಹಕ್ಕಿದೆ. ಆದರೆ ಆ ಓಣಿಯಲ್ಲಿ ಸಂಜೆ ಶಾಲೆಯ ಚೀಲ ಹೊತ್ತು ಬರುತ್ತಿದ್ದ ಹೆಣ್ಣುಮಕ್ಕಳನ್ನು ನಿಂತು ಎಣಿಸಿದೆ. ಹದಿನೇಳು ಜನ. ನಾನು ಹುಡುಗನಾಗಿದ್ದಾಗ ಎಣಿಸುವಷ್ಟು ಇರಲಿಲ್ಲ. ಅವರಲ್ಲಿ ಏಳನೆಯ ತರಗತಿಯವರು ಯಾರಿದ್ದಾರೋ, ಬರುವ ಜೂನ್ ತಿಂಗಳ ಹಾಜರಿಯಲ್ಲಿ ಅವರೆಲ್ಲರ ಹೆಸರೂ ಇರಲಿ.